ತಡೆಯಾಳು ವಾಪಸು ಬರುವ ದಾರಿ

ಮಾವಯ್ಯನವರಿಗೆ,

ನಿಮ್ಮ ಸೊಸೆ ತಾಯಮ್ಮ ಬಾಗಿಲ ಮರೆಯಿಂದಲೇ ಮಾಡುವ ನಮಸ್ಕಾರ. ನೀವಿದ್ದಾಗ ನಿಮ್ಮ ಎದುರಿಗೆ ಕೂತು ಮಾತಾಡಿದವಳಲ್ಲ ನಾನು. ಈಗ ನೀವಿಲ್ಲ ಅಂತ ಧೈರ್ಯ ಮಾಡಿ ಕಾಗದದಲ್ಲಿ ಎದುರು ಕೂತರೆ ಅದು ಸಲಿಗೆಯಾದೀತೇನೋ. ಆದರೂ ಒಂದು ಸುದ್ದಿಯನ್ನು ಹೇಳದೆ ಇರಲಾರೆ. ನಮ್ಮಿಬ್ಬರ ಜಗಳ ಬಗೆಹರಿಯಿತು. ಯಾವ ಜಗಳ ಅಂತ ಹುಬ್ಬು ಗಂಟಿಕ್ಕಬೇಡಿ, ನಿಮಗೆ ಚೆನ್ನಾಗಿ ಗೊತ್ತಿದೆ. ಜಗಲಿಯ ಮರಳಿನಲ್ಲಿ ನಿಮ್ಮ ಕೆಂಪು ಆಳುಗಳ ನಡುವೆ ನನ್ನ ಬಿಳಿ ಆಳೊಂದು ಸಿಕ್ಕಿಕೊಂಡು ನಿಂತಿತ್ತಲ್ಲ, ಅದು ವಾಪಸು ಬರಬಹುದೋ ಬಾರದೋ ಎಂಬ ಜಗಳ. ನೀವು ಬಾರದು ಎಂದಿರಿ, ನಾನು ಬರಬಹುದು ಎಂದೆ. ಅದು ತೀರ್ಮಾನವಾಗುವ ಮೊದಲೇ ನೀವು ಹೊರಟುಹೋದಿರಿ.

ಪೂರಿಗಾಲಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಜಗಲಿ ನೋಡಿ ನನಗೆ ನಗು ಬಂದಿತ್ತು. ಹೆಬ್ಬೆರಳುದ್ದದ ಮಣ್ಣಿನ ಬೊಂಬೆಗಳು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಅರ್ಧಕ್ಕೆ ಕೆಮ್ಮಣ್ಣು ಬಳಿದಿತ್ತು, ಅರ್ಧಕ್ಕೆ ಸುಣ್ಣ. ಗೌರಿ ಹಬ್ಬಕ್ಕೆ ಇಷ್ಟು ಬೇಗ ಬೊಂಬೆ ಮಾಡುತ್ತಾರೆಯೇ ಅಂತ ಅತ್ತೆಯನ್ನು ಕೇಳಿದೆ. ಅತ್ತೆ ಮೊರ ಕೊಡವುತ್ತಾ, "ಹಬ್ಬಕ್ಕಲ್ಲ ಕಣಮ್ಮಿ, ದಂಡಿನ ಮಳ್ಳು. ಕಾಲು ಓದ್ರೂ ನಿಮ್ಮಾವ್ನಿಗೆ ಆ ಮಳ್ಳು ಓಗ್ನಿಲ್ಲ" ಎಂದರು. ನೀವು ಮಹಾರಾಜರ ಕುದುರೆ ದಂಡಿನಲ್ಲಿ ಇದ್ದವರು, ಹಿಂದಿನ ಮಹಾಯುದ್ಧಕ್ಕೆ ಹಡಗು ಹತ್ತಿ ಒಂಟೆಗಳ ದೇಶಕ್ಕೆ ಹೋಗಿದ್ದವರು, ಮಡಿಸಲಾಗದ ಎಡಗಾಲು ಹೊತ್ತು ಬಂದವರು ಎಂದು ಊರೆಲ್ಲ ಹೇಳುತ್ತಿತ್ತು. ನಿಮ್ಮ ಜೊತೆ ಹೋದ ತಮ್ಮನೊಬ್ಬ ಬರಲೇ ಇಲ್ಲ ಎಂಬುದೂ ನೀರು ಸೇದುವ ಕಡೆ ಕಿವಿಗೆ ಬಿದ್ದಿತ್ತು. ಮನೆಯಲ್ಲಿ ಮಾತ್ರ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ನಮ್ಮ ಆಟ ಶುರುವಾದದ್ದು ನನ್ನ ಬಾಯಿಂದ. ನೀವು ಒಬ್ಬರೇ ಎರಡೂ ಕಡೆಯ ಆಟ ಆಡುತ್ತಿದ್ದಿರಿ. ಶಿಂಷಾ ಹೊಳೆಯ ಮರಳು ಹರಡಿ, ದಿಣ್ಣೆ ಮಾಡಿ, ಹಳ್ಳ ತೋಡಿ, ಇಟ್ಟಿಗೆ ಚೂರು ಜೋಡಿಸಿ ಒಂದು ಓಣಿ ಮಾಡುತ್ತಿದ್ದಿರಿ. ಏನೇ ಬದಲಾದರೂ ಆ ಓಣಿ ಇರಲೇಬೇಕು ನಿಮಗೆ. ಒಂದು ಮಧ್ಯಾಹ್ನ ನಾನು ಬಾಗಿಲ ಹಿಂದೆ ಅವರೆ ಬಿಡಿಸುತ್ತಾ ನೋಡುತ್ತಿದ್ದೆ. ಬಿಳಿಯವರನ್ನು ನೀವು ಬೇಕೆಂದೇ ಸೋಲಿಸುತ್ತಿದ್ದಿರಿ ಮಾವಯ್ಯ, ಇಲ್ಲ ಅನ್ನಬೇಡಿ. ತಡೆಯಲಾರದೆ ಕಂಬಕ್ಕೆ ಹೇಳುವವಳ ಹಾಗೆ, "ಆ ಬಿಳಿ ಕುದ್ರೆ ದಿಣ್ಣೆ ಅತ್ತುದ್ರೆ ಕೆಂಪಿನೋರ ಕತೆ ಮುಗೀತು" ಅಂದುಬಿಟ್ಟೆ. ನೀವು ತಲೆ ಎತ್ತಲಿಲ್ಲ. ಮಾರನೆಯ ದಿನ ಬಾಗಿಲ ಪಕ್ಕದಲ್ಲಿ ಒಂದು ನೀಳವಾದ ಬಿದಿರು ಕೋಲು ಒರಗಿಸಿತ್ತು. ತುದಿಯನ್ನು ಕೆತ್ತಿ ನಯ ಮಾಡಿ, ಆಳನ್ನು ತಳ್ಳಲು ಅಡ್ಡಕ್ಕೊಂದು ಚೂರು ಕಟ್ಟಿತ್ತು. ಸೊಸೆ ಮಾವನೆದುರು ಜಗಲಿಯಲ್ಲಿ ಕೂರುವ ಹಾಗಿಲ್ಲ, ಆದರೆ ಹೊಸ್ತಿಲ ಒಳಗೆ ನಿಂತು ಕೋಲು ಚಾಚಬಾರದು ಅಂತ ಯಾರು ಹೇಳಿದ್ದಾರೆ?

ಕವಡೆ ಎಸೆತವೂ ಹಾಗೆಯೇ. ನೀವು ಜಗಲಿಯಲ್ಲಿ ಎಸೆಯುತ್ತಿದ್ದಿರಿ, ನಾನು ಒಳಗೆ ಎಸೆಯುತ್ತಿದ್ದೆ. ಎಷ್ಟು ಕವಡೆ ಅಂಗಾತ ಬಿತ್ತು ಅಂತ ನಾನು ಕೂಗಿ ಹೇಳಿದ್ದನ್ನೇ ನಂಬುತ್ತಿದ್ದಿರಿ, ಒಂದು ದಿನವೂ ಇಣುಕಿ ನೋಡಿದವರಲ್ಲ. ನಿಮ್ಮ ಮಗ ಊಟಕ್ಕೆ ಬಂದಾಗ ಇದನ್ನು ನೋಡಿ ನಕ್ಕು ನಕ್ಕು ಸುಸ್ತಾಗುತ್ತಿದ್ದರು. "ಮಣ್ಣು ಬೊಂಬೆಗೆ ಇಷ್ಟೊಂದು ಕಾನೂನಾ? ನಂಗೆ ಮುದ್ದೆ ಇಕ್ಕಾಕೂ ಕವಡೆ ಎಸಿಬೇಕಾ ಅಮ್ಮಿ?" ನಗುತ್ತಿದ್ದರೂ ಮುದ್ದೆ ಮುರಿಯುತ್ತಾ ಆಟವನ್ನೇ ನೋಡುತ್ತಿದ್ದರು. ಅದು ಎಷ್ಟು ಒಳಗೆ ಇಳಿದಿತ್ತು ಎಂದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ನಾನು ಮೊದಲ ಸಲ ಹೀನಾಯವಾಗಿ ಸೋತ ದಿನ ನೆನಪಿದೆಯೇ? ನನ್ನ ಆಳುಗಳು ನಿಮ್ಮವರಿಗೆ ಒಂದು ಬೆರಳಿನಷ್ಟು ಹತ್ತಿರ ಬಂದಿದ್ದವು. "ಕೈ ಅತ್ತಿತು" ಎಂದಿರಿ ನೀವು. ಕೈ ಹತ್ತಿತು ಅಂದರೆ ಇನ್ನು ಈಟಿ, ಕೋವಿಯ ಮಾತಿಲ್ಲ, ಮೈಗೆ ಮೈ ತಾಗಿದ ಜಗಳ. ಕವಡೆ ನನ್ನ ಕಡೆ ಬೀಳಲಿಲ್ಲ, ಹೆದರಿದೆ, ಮೂರೂ ಆಳನ್ನು ತಿರುಗಿಸಿ ಓಡಿಸಿದೆ. ನೀವು ಒಂದೊಂದಕ್ಕೂ ಬಿಟ್ಟಿ ಎಸೆತ ಎಸೆದು ಮೂರನ್ನೂ ಎತ್ತಿಟ್ಟಿರಿ. ನಾನು ಗೊಣಗಿದಾಗ ಮೆತ್ತಗೆ ಹೇಳಿದಿರಿ: "ಕೈ ಅತ್ತುದ್ ಮ್ಯಾಲೆ ಬೆನ್ನು ತೋರಿಸ್ಬಾರ್ದು ಕಣವ್ವ. ಬೆನ್ನಿಗೆ ಕಣ್ಣಿಲ್ಲ, ಕೈಯೂ ಇಲ್ಲ. ಸೋತ್ರೆ ಸೋತ್ಕೊ, ಎಜ್ಜೆ ಇಂದ್ಕೆ ಬರ್ಲಿ, ಮಕ ಮುಂದ್ಕೇ ಇರ್ಲಿ." ಎಜ್ಜೆ ಇಂದ್ಕೆ, ಮಕ ಮುಂದ್ಕೆ. ಆಮೇಲೆ ಹಿಟ್ಟು ಬೀಸುವಾಗಲೂ ಅದು ನನ್ನ ಬಾಯಿಗೆ ಬರುತ್ತಿತ್ತು.

ಆ ಹಿಂದೆಜ್ಜೆಗೆ ಒಂದು ಷರತ್ತು ಇತ್ತಲ್ಲ, ನಮ್ಮ ಜಗಳ ಹುಟ್ಟಿದ್ದೇ ಅಲ್ಲಿ. ಎಲ್ಲರೂ ಒಟ್ಟಿಗೆ ಹಿಂದೆ ಸರಿದರೆ ಎದುರಿನವರು ಒಟ್ಟಿಗೆ ಮೇಲೆ ಬೀಳುತ್ತಾರೆ. ಅದಕ್ಕೆ ಒಬ್ಬ ನಿಲ್ಲಬೇಕು. ಅವನು ತಡೆಯಾಳು. ಓಣಿಯ ಬಾಯಿಯಲ್ಲೋ ದಿಣ್ಣೆಯ ಸಂದಿನಲ್ಲೋ ಅವನು ನಿಂತರೆ ಉಳಿದವರು ಒಂದು ಪೆಟ್ಟೂ ಇಲ್ಲದೆ ಹಿಂದಕ್ಕೆ ಬರಬಹುದು. ಇದು ಚೆನ್ನಾಗಿಯೇ ಇದೆ ಅನ್ನಿಸಿತು. ನನ್ನವರೆಲ್ಲ ಬಂದರು. ಆಮೇಲೆ ಕೋಲು ಚಾಚಿ ಆ ತಡೆಯಾಳನ್ನೂ ಎಳೆಯಲು ಹೋದರೆ ನೀವು ಕೈ ಅಡ್ಡ ಇಟ್ಟಿರಿ.

"ನಿಂತವ್ನು ನಿಂತಂಗೇಯ."

"ಮತ್ತೆ ಅವ್ನು ಬರಾದು ಯಾವಾಗ?" ಅಂತ ನಾನು ಕಂಬವನ್ನು ಕೇಳಿದೆ.

"ಬರಾಕಿಲ್ಲ."

"ಅದ್ಯಾವ ನ್ಯಾಯ? ಅವ್ನಿಗೆ ಮನೆ ಇಲ್ವಾ, ಅವ್ವ ಇಲ್ವಾ?"

ನಾನು ಸುಮ್ಮನಿರುವ ಜಾತಿಯಲ್ಲ. ತಡೆಯಾಳಿಗೆ ಒಂದು ದಾರಿ ಮಾಡಿಕೊಡಬೇಕು ಅಂತ ಹಟಕ್ಕೆ ಬಿದ್ದೆ. ಹಿಂದೆ ಬಂದವರಲ್ಲಿ ಒಬ್ಬ ತಿರುಗಿ ಹೋಗಿ ಶತ್ರುವಿಗೆ ಮುಖ ಕೊಡಲಿ, ಆ ಗೊಂದಲದಲ್ಲಿ ತಡೆಯಾಳು ಹಿಂದೆಜ್ಜೆ ಇಡಲಿ, ಅಂದೆ. ನೀವು ಎಂದೂ ಇಲ್ಲದಷ್ಟು ಜೋರಾಗಿ, "ಒಬ್ಬ ತಿರುಗುದ್ರೆ ಇಬ್ರೂ ಸಾಯ್ತರೆ!" ಎಂದಿರಿ. ಒಳಗಿದ್ದ ಅತ್ತೆ ಏನಾಯಿತೋ ಅಂತ ಎದ್ದು ಬಂದರು. ನಾನು ಕೋಲನ್ನು ಗೋಡೆಗೆ ಒರಗಿಸಿ, "ಅಂಗಾರೆ ಇಬ್ರು ತಿರುಗ್ಲಿ. ಒಬ್ಬುನ್ ಕಡೆ ನೋಡುದ್ರೆ ಇನ್ನೊಬ್ಬ ಅವ್ನೆ, ಅವ್ನ ಕಡೆ ನೋಡುದ್ರೆ ತಡೆಯಾಳು ಅವ್ನೆ. ಯಾರ್‌ಗೆ ಒಡೀತಾರೆ?" ಎಂದೆ. ನೀವು ಕೆಂಪು ಆಳೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದಿರಿ. ಆಮೇಲೆ ಎದ್ದು ಊರುಗೋಲು ಹಿಡಿದು ದನದ ಕೊಟ್ಟಿಗೆಗೆ ಹೋದಿರಿ. ಒಂದು ವಾರ ಆಟವೇ ಇಲ್ಲ.

ಉಳಿದದ್ದಕ್ಕೆಲ್ಲ ನೀವು ಒಪ್ಪುತ್ತಿದ್ದಿರಿ, ಅದೇ ನನಗೆ ಬಿಡಿಸಲಾಗದ ಗಂಟಾಗಿತ್ತು. ಕೆಸರು ಗದ್ದೆಯಲ್ಲಿ ಹಿಂದೆಜ್ಜೆ ಇಡಲಾಗದು, ಕಾಲು ಹೂತುಕೊಳ್ಳುತ್ತದೆ ಎಂದೆ, ಹೌದು ಎಂದಿರಿ. ಕುದುರೆ ಹಿಂದಕ್ಕೆ ನಡೆಯುವುದಿಲ್ಲ, ಅದಕ್ಕೆ ಬೇರೆ ಕಟ್ಟಲೆ ಬೇಕು ಎಂದೆ, ತಲೆಯಾಡಿಸಿ, "ಕುದ್ರೆ ಕಂಡಿಲ್ದೋಳು ನಂಗೇ ಯೋಳ್ಕೊಡ್ತಾಳೆ" ಅಂತ ಮೀಸೆಯಲ್ಲಿ ನಕ್ಕಿರಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಸೀಮೆಎಣ್ಣೆ ಸಿಗದೆ, ರಾಗಿಯನ್ನು ಸರ್ಕಾರದ ಲೆವಿಗೆ ಅಳೆದು ಕೊಟ್ಟು ಮನೆಮಂದಿ ಹೊಟ್ಟೆ ಕಟ್ಟುತ್ತಿದ್ದಾಗಲೂ ಮಧ್ಯಾಹ್ನದ ಆಟ ನಿಲ್ಲಲಿಲ್ಲ. ಆದರೆ ತಡೆಯಾಳಿನ ಮಾತು ಬಂದರೆ ನಿಮ್ಮ ಮುಖ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಮಾರ್ನಮಿ ಅಮಾಸೆಗೂ ಹಿರಿಯರಿಗೆ ಎಡೆ ಇಕ್ಕುವ ಹೊತ್ತಿಗೆ ಸರಿಯಾಗಿ ಎದ್ದು ಹೊಳೆ ದಂಡೆಗೆ ಹೋಗಿ ಕೂರುತ್ತಿದ್ದಿರಲ್ಲ, ಆ ಮುಖವೇ ಇದು ಎಂದು ನನಗೆ ಹೊಳೆಯಬೇಕಿತ್ತು. ನನಗೆ ಗೆಲ್ಲುವುದೊಂದೇ ತಲೆಯಲ್ಲಿತ್ತು.

ನಿಮ್ಮ ಕೊನೆಯ ವರ್ಷದಲ್ಲಿ ಮನೆಯೇ ರಣರಂಗವಾಯಿತು. ನಿಮ್ಮ ಮಗ ಮದ್ದೂರಿಗೆ, ಮಂಡ್ಯಕ್ಕೆ ಸಭೆಗಳಿಗೆ ಹೋಗತೊಡಗಿದರು. ಜನರಿಂದ ಆರಿಸಿದ ಸರ್ಕಾರ ಬೇಕು, ಅರಮನೆಯವರ ದರ್ಬಾರು ಸಾಕು ಎಂಬ ಮಾತು. ನೀವು ಅರಮನೆಯ ಅನ್ನ ಉಂಡವರು. "ಅನ್ನ ಇಕ್ಕಿದ್ ಧಣಿ ಮುಂದೆ ನಿಂತ್ಕೊಂಡು ಕೂಗ್ತೀಯಲ್ಲಾ, ನಾಚ್ಕೆ ಆಗಾಕಿಲ್ವಾ?" ಅಂತ ನೀವು. "ಅನ್ನ ಬೆಳೆಯೋನು ನಾನು ಕಣಪ್ಪ, ಇಕ್ಕೋನು ಅವ್ನಲ್ಲ" ಅಂತ ಅವರು. ಅಂದಿನಿಂದ ಅಪ್ಪ ಮಗ ಮಾತು ಬಿಟ್ಟಿರಿ. ಊಟಕ್ಕೆ ಬಂದರೂ ಅವರು ಜಗಲಿಯ ಕಡೆ ನೋಡುತ್ತಿರಲಿಲ್ಲ, ನೀವು ಒಳಗಿನ ಕಡೆ ನೋಡುತ್ತಿರಲಿಲ್ಲ. ನಡುವೆ ಹೊಸ್ತಿಲ ಮೇಲೆ ಕೋಲು ಹಿಡಿದು ನಿಂತವಳು ನಾನು. ಒಂದು ದಿನವಾದರೂ ಇಬ್ಬರಲ್ಲಿ ಒಬ್ಬರು ಹಿಂದೆಜ್ಜೆ ಇಟ್ಟಿದ್ದರೆ...

ಆ ಕೊನೆಯ ಆಟ ಅವರೆಕಾಯಿ ಕಾಲದಲ್ಲಿ. ಚಳಿಗೆ ಕಂಬಳಿ ಹೊದ್ದು ಕೂತಿದ್ದಿರಿ. ನನ್ನ ತಡೆಯಾಳು ಓಣಿಯ ಬಾಯಲ್ಲಿ ನಿಂತಿತ್ತು, ಸುತ್ತ ನಿಮ್ಮ ಕೆಂಪಿನವರು. ನನ್ನ ಉಳಿದವರೆಲ್ಲ ಹಳ್ಳ ದಾಟಿ ಸುರಕ್ಷಿತವಾಗಿದ್ದರು. ನಾನು ಕೋಲಿನ ತುದಿಯನ್ನು ಹಿಂದಿನ ಎರಡು ಆಳುಗಳ ಬೆನ್ನಿಗೆ ಇಟ್ಟು, "ಇಬ್ರನ್ನ ತಿರುಗಿಸ್ಲಾ?" ಎಂದು ಕೇಳಿದೆ. ಕಂಬವನ್ನಲ್ಲ, ಮೊದಲ ಸಲ ನಿಮ್ಮನ್ನೇ ಕೇಳಿದೆ. ನೀವು ಮುಖ ಎತ್ತಿ ನನ್ನನ್ನು ನೋಡಿದಿರಿ. ಬೇಡ ಅನ್ನಲಿಲ್ಲ. "ನಾಳಿಕೆ ನೋಡಾನ ಬುಡವ್ವ" ಎಂದಿರಿ. ಮಾರನೆಯ ಬೆಳಗ್ಗೆ ಜ್ವರ ಬಂತು, ಆ ಜ್ವರ ಇಳಿಯಲಿಲ್ಲ. ನಿಮ್ಮನ್ನು ಹೊತ್ತುಕೊಂಡು ಹೋದ ಮೇಲೆ ಅತ್ತೆ ಆ ಆಟದ ಮೇಲೆ ಒಂದು ಬಿದಿರಿನ ಮಂಕರಿ ಕವಿಚಿಹಾಕಿದರು. ಈವರೆಗೂ ಯಾರೂ ಅದನ್ನು ಎತ್ತಿರಲಿಲ್ಲ.

ಈ ಶ್ರಾವಣದಲ್ಲಿ ಬ್ರಿಟಿಷರು ಹೋದರು ಮಾವಯ್ಯ. ಆ ಸುದ್ದಿಯನ್ನೂ ನೀವು ಕೇಳಲಿಲ್ಲ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆಯಲ್ಲಿ ಅರಮನೆಯ ಆಳ್ವಿಕೆ ಮೊದಲಿನ ಹಾಗೆಯೇ ಇತ್ತು. ಗೌರಿ ಹಬ್ಬ ಕಳೆಯುವ ಹೊತ್ತಿಗೆ ಊರೂರಿನಿಂದ ಜನ ಮದ್ದೂರಿಗೆ ಮೆರವಣಿಗೆ ಹೊರಟರು. ನಿಮ್ಮ ಮಗ ಬಾವುಟ ಕಟ್ಟಲು ನೆಟ್ಟಗಿರುವ ಗಳ ಹುಡುಕಿ ಹುಡುಕಿ ಸಿಗದೆ, ಬಾಗಿಲ ಪಕ್ಕದ ನಮ್ಮ ಕೋಲನ್ನೇ ಎತ್ತಿಕೊಂಡರು. ನನಗೆ ಸಿಟ್ಟು ಬಂತು. "ಅದು ಮಾವಯ್ಯಂದು, ಬುಡಿ" ಅಂದೆ. "ಅಪ್ಪನ್ ಕೋಲಾದ್ರೂ ನನ್ ಜೊತೆ ಬರ್ಲಿ" ಅಂದರು. ಆಮೇಲೆ ನಾನು ಏನು ಹೇಳಲಿ? ಬಾವುಟ ಕಟ್ಟಿಕೊಟ್ಟು, ಊರ ಹೆಂಗಸರ ಜೊತೆ ನಾನೂ ಹೊರಟೆ. ಅತ್ತೆಯೂ ಸೆರಗು ಬಿಗಿದುಕೊಂಡು ಬಂದರು. ಘೋಷಣೆ ಕೂಗಲು ಅಲ್ಲ. "ನನ್ ಮಗನ್ನ ಕರ್ಕೊಂಡ್ ಬರಾಕೆ ಓಯ್ತಾ ಇವ್ನಿ. ಒಂದ್ ಸಲ ಕಳುಸಿ ಕಂಡಿದೀನಿ ನಾನು" ಎಂದರು. ಒಂದು ಸಲ ಕಳುಹಿಸಿದ್ದು ಯಾರನ್ನು ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ.

ಪೇಟೆಯಿಂದ ಹೊಳೆ ಕಡೆಗೆ ಇಳಿಯುವ ಇಕ್ಕಟ್ಟಿನ ಬೀದಿ ನಿಮಗೆ ಗೊತ್ತಲ್ಲ, ಎತ್ತಿನ ಗಾಡಿ ಎರಡು ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಅಲ್ಲಿ ನಮ್ಮ ಮುಂದೆ ಹೊರಗಿನಿಂದ ಕರೆಸಿದ ಪೊಲೀಸರು ಸಾಲಾಗಿ ನಿಂತಿದ್ದರು. ಹಿಂದಿನಿಂದ ಜನ ತಳ್ಳುತ್ತಿದ್ದರು, ಮುಂದಿನವರು ನಿಲ್ಲಲಾಗದೆ ಹತ್ತಿರ ಹತ್ತಿರಕ್ಕೆ ಹೋದರು. ಅಂಗಡಿಗಳ ಬಾಗಿಲು ದಡದಡ ಮುಚ್ಚಿದವು. ಯಾರು ಮೊದಲು ಕೈ ಎತ್ತಿದರೋ ಕಾಣಲಿಲ್ಲ. ಲಾಠಿ ಎದೆಗೆ ತಾಗುವಷ್ಟು ಹತ್ತಿರ. ಕೈ ಹತ್ತಿತು ಮಾವಯ್ಯ.

ನಮ್ಮವರು ಮಾಡಬಾರದ್ದನ್ನೇ ಮಾಡಿದರು, ಬೆನ್ನು ತಿರುಗಿಸಿದರು. ತಿರುಗಿದವರ ಬೆನ್ನ ಮೇಲೆ, ಹಿಂದಲೆಯ ಮೇಲೆ ಪೆಟ್ಟು ಬೀಳತೊಡಗಿತು. ಒಬ್ಬರು ಬಿದ್ದರು, ಬಿದ್ದವರ ಮೇಲೆ ಇನ್ನೊಬ್ಬರು. ಅಂಗಡಿಯ ಜಗಲಿ ಹತ್ತಿ ನಿಂತಿದ್ದ ನನಗೆ ಎಲ್ಲ ಕಾಣುತ್ತಿತ್ತು, ಮೇಲಿನಿಂದ ನಮ್ಮ ಮರಳಿನ ಆಟ ನೋಡಿದ ಹಾಗೆ. ಗಂಟಲು ಹರಿಯುವಂತೆ ಕೂಗಿದೆ: "ಬೆನ್ನು ತಿರುಗಿಸ್ಬ್ಯಾಡಿ! ಎಜ್ಜೆ ಇಂದ್ಕೆ, ಮಕ ಮುಂದ್ಕೆ!" ಹೆಂಗಸಿನ ಮಾತನ್ನು ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಒಬ್ಬರು ಕೇಳಿದರು. ವರ್ಷಗಟ್ಟಲೆ ಮುದ್ದೆ ಮುರಿಯುತ್ತಾ ಅದೇ ಮಾತು ಕೇಳಿದ್ದವರು ಅವರೊಬ್ಬರೇ ತಾನೆ. ನಿಮ್ಮ ಮಗ ಅದನ್ನೇ ಎತ್ತಿಕೊಂಡು ಗುಡುಗಿದರು. ಪಕ್ಕದವರ ಭುಜ ಹಿಡಿದು ಮುಂದಕ್ಕೆ ತಿರುಗಿಸಿದರು. ಒಬ್ಬೊಬ್ಬರಾಗಿ ಗಂಡಸರು ಮುಖ ತಿರುಗಿಸಿ, ಕೈ ಅಡ್ಡ ಹಿಡಿದು, ಹಿಂದಕ್ಕೆ ಹೆಜ್ಜೆ ಇಡತೊಡಗಿದರು. ಬಿದ್ದವರನ್ನು ಎಳೆದುಕೊಳ್ಳಲು ಆಗ ಸಂದು ಸಿಕ್ಕಿತು.

ಬೀದಿ ಇನ್ನೂ ಇಕ್ಕಟ್ಟಾಗುವ ಕಡೆ ಒಂದು ಗಾಡಿ ನಿಂತಿತ್ತು. ಗಾಡಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಎಲ್ಲರೂ ಅದನ್ನು ದಾಟಿದ ಮೇಲೆ ನಿಮ್ಮ ಮಗ ಅಲ್ಲಿ ನಿಂತರು, ಬಾವುಟದ ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಜನ ಹೊಳೆ ಇಳಿಜಾರಿಗೆ ಬಂದು ಸುಧಾರಿಸಿಕೊಂಡರು. ಹೆಂಗಸರೆಲ್ಲ ಬಂದರು, ನಾನೂ ಬಂದಿದ್ದೆ. ತಿರುಗಿ ನೋಡಿದರೆ ಖಾಕಿಯ ನಡುವೆ ಅವರ ಬಿಳಿ ಅಂಗಿ. ನೀವು ಮಾಡುತ್ತಿದ್ದ ಓಣಿ, ನಾನು ನಿಲ್ಲಿಸುತ್ತಿದ್ದ ಆಳು. ನಿಂತವನು ನಿಂತಂಗೇಯ, ಬರಾಕಿಲ್ಲ ಎಂದು ನಿಮ್ಮ ದನಿ ಕಿವಿಯಲ್ಲೇ ಕೇಳಿಸಿತು. ನಿಮ್ಮ ಮೇಲೆ ನನಗೆ ಎಷ್ಟು ಕೋಪ ಬಂತು ಅಂದರೆ, ಸತ್ತವರ ಮೇಲೆ ಅಷ್ಟು ಕೋಪ ಬರಬಾರದು.

ಕಾಲು ಮುಂದೆ ಹೋಗಲು ಹಾತೊರೆಯುತ್ತಿತ್ತು, ಆದರೆ ಒಬ್ಬ ತಿರುಗಿದರೆ ಇಬ್ಬರೂ ಸಾಯುತ್ತಾರೆ ಎಂದವರೂ ನೀವೇ. "ಯಾರಾರ ಒಬ್ರು ಬನ್ರಪ್ಪಾ ನನ್ ಜೊತೆ, ಒಬ್ರು ಸಾಕು!" ಅಂತ ಗಂಡಸರ ಕಡೆ ಕೂಗಿದೆ. ಯಾರ ತಪ್ಪೂ ಇಲ್ಲ, ಒಬ್ಬರ ತಲೆಯಿಂದ ರಕ್ತ, ಒಬ್ಬರು ಕೈ ಹಿಡಿದು ನರಳುತ್ತಿದ್ದರು. ಆಗ ನನ್ನ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು. ಅತ್ತೆ! ಒಂದು ದಿನವೂ ನಿಮ್ಮ ಆಟದ ಕಡೆ ಕಣ್ಣು ಹಾಯಿಸದ ಅತ್ತೆ. "ನಡಿಯಮ್ಮಿ, ಇಬ್ರಾದ್ವು" ಎಂದರು.

ಆಮೇಲಿನದು ಹೇಗೆ ನಡೆಯಿತೋ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಗಾಡಿಯ ಅಡಿಯಿಂದ ನುಸುಳಿ ಪೊಲೀಸರ ಪಕ್ಕಕ್ಕೇ ಹೋಗಿ ನಿಂತೆವು. ಅತ್ತೆಯ ತಲೆಯ ಮೇಲಿನ ಸೆರಗು ಜಾರಿ, ನರೆಗೂದಲು ಬಿಚ್ಚಿಹೋಗಿತ್ತು. "ಯಾಕ್ರಲಾ, ಒಬ್ಬುನ್ ಮ್ಯಾಲೆ ಇಷ್ಟ್ ಜನ ಬಿದ್ದಿದ್ದೀರಲ್ಲಾ? ನಾನು ಅವ್ನ ಎತ್ತವ್ವ ಕಣ್ರಲಾ, ಬನ್ನಿ, ಮೊದ್ಲು ನಂಗ್ ಒಡೀರಿ!" ಎಂದು ಅರಚಿದರು. ಒಬ್ಬ ಲಾಠಿ ಎತ್ತಿದವನು ಅತ್ತೆಯ ಮುಖ ನೋಡಿ ಹಾಗೇ ನಿಂತ. ಅವನ ಪಕ್ಕದವನು ನನ್ನ ಕಡೆ ತಿರುಗಿದ, ನಾನು ಕಣ್ಣು ಕೀಳಲಿಲ್ಲ. ಅತ್ತ ನೋಡುವುದೋ ಇತ್ತ ನೋಡುವುದೋ ತಿಳಿಯದೆ ಸಾಲು ಮುರಿಯಿತು. ನಾನು ಕೂಗಿದೆ: "ಈಗ! ಎಜ್ಜೆ ಇಂದ್ಕೆ!" ಅಷ್ಟರಲ್ಲಿ ನಿಮ್ಮ ಮಗನ ಭುಜಕ್ಕೆ ಒಂದು ಪೆಟ್ಟು ಬಿತ್ತು, ಕೋಲು ನಡುವೆ ಮುರಿಯಿತು. ಆದರೂ ಅವರು ಬೆನ್ನು ತೋರಿಸಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಗಾಡಿಯ ಹಿಂದಕ್ಕೆ ಬಂದರು. ನಾನು ಬಂದೆ. ಎಲ್ಲರಿಗಿಂತ ಕೊನೆಗೆ ಅತ್ತೆ, ಬೈಯುತ್ತಾ ಬೈಯುತ್ತಾ, ಮುಖ ಮುಂದಕ್ಕೇ ಇಟ್ಟುಕೊಂಡು.

ಮನೆಗೆ ಬಂದು ಅತ್ತೆ ನಿಮ್ಮ ಮಗನ ಭುಜಕ್ಕೆ ಅರಿಸಿನ ಬಿಸಿ ಮಾಡಿ ಹಚ್ಚಿದರು. "ಇಬ್ರು ಬೇಕು ಅಂತ ನಿಮ್ಗೆ ಎಂಗ್ ಗೊತ್ತಾಯ್ತು ಅತ್ತೆ?" ಅಂತ ಕೇಳಿದೆ. ಅವರು ನನ್ನನ್ನು ನೋಡದೆ ಹೇಳಿದರು. ಜ್ವರದಲ್ಲಿ ನೀವು ಕನವರಿಸಿದ್ದೆಲ್ಲ ಪಕ್ಕದಲ್ಲಿ ಕೂತು ಕೇಳಿದವರು ಅವರು. ನಿಮ್ಮ ತಮ್ಮನ ಹೆಸರು ಚೆಲುವಯ್ಯ ಅಂತ ಆವತ್ತು ನನಗೆ ಗೊತ್ತಾಯಿತು. ಮರಳುಗಾಡಿನ ಯಾವುದೋ ಊರಿನ ಓಣಿಯಲ್ಲಿ ನಿಮ್ಮ ತುಕಡಿ ಸಿಕ್ಕಿಕೊಂಡಾಗ ಉಳಿದವರು ಹಿಂದೆ ಬರಲಿ ಅಂತ ಓಣಿಯ ಬಾಯಲ್ಲಿ ನಿಂತವರು ಅವರು. ಎಲ್ಲರೂ ಆಚೆ ಬಂದ ಮೇಲೆ "ಅಣ್ಣೋ" ಎಂದು ಕೂಗಿದ್ದು ನಿಮಗೆ ಕೇಳಿಸಿತು. ನೀವು ತಿರುಗಿ ಓಡಿದಿರಿ, ಒಬ್ಬರೇ. ಎರಡನೆಯವನು ಬರಲಿಲ್ಲ. ಅರ್ಧ ದಾರಿಯಲ್ಲಿ ಕಾಲಿಗೆ ಗುಂಡು ಬಿತ್ತು, ಜೊತೆಯವರು ನಿಮ್ಮನ್ನು ಎಳೆದುಕೊಂಡು ಹೋದರು. "ಕಡೇ ದಿನಾನೂ ಅದೇ ಅಂತಿದ್ರು ಕಣಮ್ಮಿ. ಇನ್ನೊಬ್ಬ ಬಂದಿದ್ರೆ, ಇನ್ನೊಬ್ಬ ಬಂದಿದ್ರೆ ಅಂತ" ಎಂದರು ಅತ್ತೆ. ನಿಮ್ಮ ಮಗ ಅರಿಸಿನ ಹಚ್ಚಿದ ಭುಜದಲ್ಲೇ ಎದ್ದು ಹೋಗಿ, ಜಗಲಿಯಲ್ಲಿ ನೀವು ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮಾತು ಬಿಟ್ಟ ಮೇಲೆ ಅವರು ನಿಮ್ಮ ಹತ್ತಿರ ಬಂದು ಕೂತದ್ದು ಅದೇ ಮೊದಲು.

ನಿಮ್ಮ ಮಡಿಸಲಾಗದ ಕಾಲನ್ನು ಇಷ್ಟು ವರ್ಷ ನೋಡಿದೆನಲ್ಲ, ಅದು ತಿರುಗಿ ಹೋದ ಕಾಲು ಎಂದು ನಾನು ಹೇಗೆ ತಿಳಿಯಲಿ? ತಡೆಯಾಳು ಬರಬಹುದು ಎಂದು ನೀವು ಒಪ್ಪಿಬಿಟ್ಟರೆ ಚೆಲುವಯ್ಯನವರೂ ಬರಬಹುದಿತ್ತು ಎಂದು ಒಪ್ಪಿದ ಹಾಗಾಗುತ್ತಿತ್ತು, ಅಲ್ಲವೇ? ಅದಕ್ಕೇ ದನದ ಕೊಟ್ಟಿಗೆಗೆ ಹೋದಿರಿ, ಅದಕ್ಕೇ ಪ್ರತಿ ಮಾರ್ನಮಿಗೂ ಹೊಳೆ ದಂಡೆಗೆ. ಆದರೆ ಮಾವಯ್ಯ, ಆಟದ ಕಟ್ಟಲೆ ಕಟ್ಟಲೆಯೇ. ಒಬ್ಬ ತಿರುಗಿದರೆ ಸಾಲದು ಎಂದು ಹೇಳಿದವರು ನೀವೇ, ಅದು ಸರಿಯಾಗಿಯೇ ಇತ್ತು. ನಿಮ್ಮ ಪಾಲಿನ ತಿರುಗುವುದನ್ನು ನೀವು ತಿರುಗಿದ್ದಿರಿ. ಇಲ್ಲದೆ ಹೋದದ್ದು ಎರಡನೆಯವನು. ಅದಕ್ಕೆ ನೀವು ಹೊಣೆಯಲ್ಲ. ಈ ಮಾತನ್ನು ಹೊಸ್ತಿಲ ಒಳಗಿಂದ ಒಂದು ದಿನ ಕೂಗಿ ಹೇಳಿದ್ದರೆ ಆಗುತ್ತಿತ್ತಲ್ಲ.

ನೆನ್ನೆ ಇನ್ನೊಂದು ಸುದ್ದಿ ಬಂತು. ಜನರ ಸರ್ಕಾರಕ್ಕೆ ಅರಮನೆಯಿಂದ ಒಪ್ಪಿಗೆಯಾಯಿತಂತೆ. ನಿಮಗೆ ಕೋಪ ಬರುತ್ತದೋ ಏನೋ. ಮಹಾರಾಜರೂ ಬೆನ್ನು ತೋರಿಸದೆ ಒಂದು ಹೆಜ್ಜೆ ಹಿಂದೆ ಇಟ್ಟರು ಅಂದುಕೊಳ್ಳಿ, ಆಗ ನಿಮ್ಮ ಮನಸ್ಸಿಗೂ ಸಮಾಧಾನ, ನಿಮ್ಮ ಮಗನಿಗೂ ಸಮಾಧಾನ. ಅವರ ಕೈ ಇನ್ನೂ ಪೂರ್ತಿ ಮೇಲೆ ಏಳುವುದಿಲ್ಲ. ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ.

ಇವತ್ತು ಮಧ್ಯಾಹ್ನ ಮಂಕರಿ ಎತ್ತಿದೆ. ಮರಳು ಸ್ವಲ್ಪ ಜರಿದಿತ್ತು, ಆಳುಗಳು ನಿಂತಲ್ಲೇ ನಿಂತಿದ್ದವು. ಕೋಲು ಮುರಿದಿದೆಯಲ್ಲ, ಅದಕ್ಕೆ ಹೊಸ್ತಿಲು ದಾಟಿ ಜಗಲಿಯ ಮೇಲೆ ನಿಮ್ಮ ಜಾಗದ ಎದುರಿಗೇ ಕೂತೆ. ತಪ್ಪಾಗಿದ್ದರೆ ಮನ್ನಿಸಿ. ಹಿಂದಿನ ಎರಡು ಬಿಳಿ ಆಳನ್ನು ಕೈಯಿಂದಲೇ ತಿರುಗಿಸಿದೆ, ತಡೆಯಾಳನ್ನು ಓಣಿಯಿಂದ ಹಿಂದಕ್ಕೆ ತಂದೆ, ಮುಖ ಮುಂದಕ್ಕೇ ಇಟ್ಟು. ಅದನ್ನು ಮತ್ತೆ ಮರಳಿಗೆ ಇಳಿಸಲು ಮನಸ್ಸು ಬರಲಿಲ್ಲ, ತೊಳೆದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ನಾಳೆ ಮಾರ್ನಮಿ, ನಿಮ್ಮ ಮೊದಲ ಎಡೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಹೊಸ ಪಂಚೆ ಎಲ್ಲ ಸಿದ್ಧವಾಗಿದೆ. ಅತ್ತೆ ಈ ಸಲ ಎರಡು ಎಲೆ ಹಾಕಬೇಕು ಎಂದಿದ್ದಾರೆ, ನಿಮ್ಮ ಮಗ ಪೇಟೆಗೆ ಹೋಗಿ ಪಂಚೆಯನ್ನೂ ಎರಡೇ ತಂದಿದ್ದಾರೆ. ಇನ್ನು ಮುಂದೆ ಈ ಮನೆಯಲ್ಲಿ ಪ್ರತಿ ವರ್ಷ ಎರಡು ಎಲೆ, ಇದು ನನ್ನ ಮಾತು. ಹೊಳೆ ದಂಡೆಗೆ ಹೋಗಿ ಕೂತುಬಿಡಬೇಡಿ ಮಾವಯ್ಯ. ಒಬ್ಬರೇ ಬರಬೇಡಿ. ಚೆಲುವಯ್ಯನವರನ್ನು ಕರೆದುಕೊಂಡು ಬನ್ನಿ.